‘ನೋಡೋಣ’ ಎಂಬ ಮಾತಿನ ಮರೆ

ಷಟ್‌ಸ್ಥಲ ಮಾರ್ಗದಲ್ಲಿ ಭಕ್ತಸ್ಥಲವಾದ ಮೇಲೆ ಬರುವುದು ಮಹೇಶ್ವರ ಸ್ಥಲ. ಮೊದಲನೆಯದಕ್ಕೆ ಶ್ರದ್ಧೆ ಲಕ್ಷಣ, ಎರಡನೆಯದಕ್ಕೆ ನಿಷ್ಠೆ ಲಕ್ಷಣ. ನಿಷ್ಠೆ ಎಂದರೆ ಹಟವಲ್ಲ. ಎರಡು ದೋಣಿಯ ಮೇಲೆ ಕಾಲಿಡದೆ ಒಂದರಲ್ಲಿ ನಿಲ್ಲುವುದು. ಕಳೆದ ಶ್ರಾವಣದಲ್ಲಿ ತೀರ್ಥಹಳ್ಳಿ ಸೀಮೆಯ ಒಂದು ಹಳ್ಳಿಯಲ್ಲಿ ಪ್ರವಚನ ಮಾಡುತ್ತ ಈ ಮಾತನ್ನು ಹೇಳಿದ್ದೆವು. ಮಂಗಳಾರತಿಯಾಯಿತು, ಪ್ರಸಾದವೂ ಆಯಿತು. ಹೊರಗೆ ಮಳೆ ಬಿಟ್ಟಿರಲಿಲ್ಲವಾದ್ದರಿಂದ ಜನ ಕುಳಿತೇ ಇದ್ದರು. ಆಗ ಹಿರಿಯ ಭಕ್ತರೊಬ್ಬರು ಹತ್ತಿರ ಬಂದು ತಮ್ಮ ಮನೆಯ ಸಂಗತಿ ತೆಗೆದರು.

ಪಾಲಿನ ವಿಷಯ. ತಂದೆ ಲಿಂಗೈಕ್ಯರಾಗಿ ಇಪ್ಪತ್ತೆರಡು ವರ್ಷವಾದರೂ ತೋಟ ಇನ್ನೂ ಅವರ ಹೆಸರಿನಲ್ಲೇ ಇದೆ. ಇವರೇ ಹಿರಿಯ ಮಗ, ಯಜಮಾನಿಕೆ ಇವರದು. ಪ್ರತಿ ವರ್ಷ ಅಡಿಕೆ ಕೊಯ್ಲು ಮುಗಿದ ಮೇಲೆ ತಮ್ಮ ಬಂದು ಕೇಳುತ್ತಾನೆ. ಪ್ರತಿ ವರ್ಷವೂ ಇವರು ‘ನೋಡೋಣ, ಬಹಳ ತೊಡಕಿದೆ’ ಎಂದು ಕಳುಹಿಸುತ್ತಾರೆ. ತೊಡಕು ಸುಳ್ಳಲ್ಲ. ಪೋಡಿಯಾಗಿಲ್ಲ, ಸೊಪ್ಪಿನ ಬೆಟ್ಟದ ಒಂದು ತುಂಡು ಅರಣ್ಯದ ಲೆಕ್ಕದಲ್ಲಿದೆ, ತೋಟಕ್ಕೆಲ್ಲ ಒಂದೇ ಕೆರೆ, ತಂಗಿಯ ಹಕ್ಕೊಂದಿದೆ.

‘ಇಷ್ಟೆಲ್ಲ ಇರುವಾಗ ಏನೆಂದು ಹೇಳಲಿ ಬುದ್ಧಿ?’ ಎಂದರು.

‘ಈ ಇಪ್ಪತ್ತೆರಡು ವರ್ಷದಲ್ಲಿ ಇವುಗಳಲ್ಲಿ ಯಾವ ಗಂಟು ಬಿಚ್ಚಲು ಕೈ ಹಾಕಿದ್ದೀರಿ?’ ಎಂದು ಕೇಳಿದೆವು. ಅವರು ಮಾತಾಡಲಿಲ್ಲ.

ಸದ್ಭಕ್ತರೇ, ಗಂಟು ಬಿಚ್ಚುವವನಿಗೂ ಗಂಟಿನ ಮರೆಯಲ್ಲಿ ನಿಲ್ಲುವವನಿಗೂ ಹೊರನೋಟಕ್ಕೆ ಭೇದ ಕಾಣುವುದಿಲ್ಲ. ಇಬ್ಬರೂ ‘ಕಷ್ಟವಿದೆ’ ಎನ್ನುತ್ತಾರೆ. ಆದರೆ ಮೊದಲನೆಯವನನ್ನು ‘ಇನ್ನೇನು ಬಾಕಿ, ಯಾವಾಗ ಆದೀತು?’ ಎಂದು ಕೇಳಿದರೆ ಉತ್ತರವಿರುತ್ತದೆ. ಎರಡನೆಯವನು ಹೊಸದೊಂದು ಕಷ್ಟವನ್ನು ಹೇಳುತ್ತಾನೆ.

ತೊಡಕಿದ್ದೂ ತೀರ್ಮಾನವಾದದ್ದಕ್ಕೆ ನಿದರ್ಶನ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಕೆಳದಿ, ಇಕ್ಕೇರಿ ಸಾಗರ ತಾಲ್ಲೂಕಿನಲ್ಲಿವೆ, ಬಿದನೂರು ನಗರ ಹೊಸನಗರದಲ್ಲಿದೆ, ಕವಲೇದುರ್ಗ ತೀರ್ಥಹಳ್ಳಿಯಲ್ಲೇ ಇದೆ. ಈ ಸೀಮೆಯನ್ನೆಲ್ಲ ೧೬೪೫ರಿಂದ ೧೬೬೦ರವರೆಗೆ ಆಳಿದ ವೀರಶೈವ ಅರಸ ಶಿವಪ್ಪನಾಯಕ. ಮಲೆನಾಡಿನ ಭೂಮಿಗೆ ಕಂದಾಯ ಗೊತ್ತುಮಾಡುವುದು ಸುಲಭದ ಕೆಲಸವಲ್ಲ. ಬೈಲುಗದ್ದೆ ಬೇರೆ, ಮಕ್ಕಿಗದ್ದೆ ಬೇರೆ. ಒಂದು ಕಣಿವೆಯ ಮಣ್ಣು ಪಕ್ಕದ ಕಣಿವೆಯಲ್ಲಿಲ್ಲ. ‘ತೊಡಕಿದೆ’ ಎಂದು ಅವನು ಹಳೆಯದನ್ನೇ ನಡೆಸಿಕೊಂಡು ಹೋಗಬಹುದಾಗಿತ್ತು. ಹಾಗೆ ಮಾಡದೆ, ಹಳ್ಳಿಹಳ್ಳಿಯಲ್ಲಿ ಒಂದೊಂದು ಬಗೆಯ ಒಂದೊಂದು ಗದ್ದೆಯನ್ನು ತನ್ನ ಖರ್ಚಿನಲ್ಲಿ ಹನ್ನೆರಡು ವರ್ಷ ಸತತವಾಗಿ ಸಾಗುವಳಿ ಮಾಡಿಸಿದನೆಂದು ಗೆಜೆಟಿಯರ್ ಬರೆದವರು ದಾಖಲಿಸಿದ್ದಾರೆ. ಬಿತ್ತಿದ ಬೀಜವೆಷ್ಟು, ತಗುಲಿದ ಖರ್ಚೆಷ್ಟು, ಬಂದ ಬೆಳೆಯೆಷ್ಟು ಎಂದು ಬರೆಸಿದ. ಸರಾಸರಿ ತೆಗೆದು, ಮೂರರಲ್ಲೊಂದು ಪಾಲು ಅರಮನೆಗೆ ಎಂದು ಗೊತ್ತುಮಾಡಿದ. ಅದೇ ‘ಶಿವಪ್ಪನಾಯಕನ ಶಿಸ್ತು’. (ಇಲ್ಲಿ ಶಿಸ್ತು ಎಂದರೆ ಕಂದಾಯದ ಕಟ್ಟಲೆ, ಶಾಲೆಯ ಮಕ್ಕಳ ಶಿಸ್ತಲ್ಲ.) ಹದಿನೈದು ವರ್ಷದ ಆಳ್ವಿಕೆಯಲ್ಲಿ ಹನ್ನೆರಡು ವರ್ಷದ ಅಭ್ಯಾಸ! ಅದನ್ನು ಯಾರೂ ವಿಳಂಬವೆನ್ನಲಿಲ್ಲ. ಕೊನೆಯಲ್ಲಿ ರೈತನ ಕೈಗೆ ಒಂದು ಖಚಿತವಾದ ಲೆಕ್ಕ ಸಿಕ್ಕಿತು.

ಇನ್ನು ಅದೇ ನೆಲದಲ್ಲಿ ನಮ್ಮ ಕಾಲದಲ್ಲಿ ನಡೆದದ್ದನ್ನು ಹೇಳಬೇಕು. ಓದುವವರಲ್ಲಿ ಮುಳುಗಡೆಯ ಹಿರಿಯರು ಅನೇಕರಿದ್ದೀರಿ. ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ೧೯೪೮ರಲ್ಲಿ ಆಯಿತು. ೧೯೬೪ರಲ್ಲಿ ಲಿಂಗನಮಕ್ಕಿ ಮುಗಿದಾಗ ಆ ಹಳೆಯ ಅಣೆಕಟ್ಟೇ ಹೊಸ ನೀರಿನಲ್ಲಿ ಮುಳುಗಿತು. ನೀರು ಬತ್ತಿದ ಬೇಸಿಗೆಗಳಲ್ಲಿ ಅದು ಮೇಲೆದ್ದು ಕಾಣುವುದನ್ನು ನೀವೇ ಕಂಡಿದ್ದೀರಿ. ಶರಾವತಿಯ ನೀರಿನಿಂದ ನಾಡಿಗೆಲ್ಲ ದೀಪ ಹತ್ತಿತು. ಮನೆ ಮುಳುಗಿದವರನ್ನು ದನಕರು, ಪಾತ್ರೆ ಪಡಗದ ಸಮೇತ ಲಾರಿಗೇರಿಸಿ ಕಾಡಿನ ನಡುವೆ ಇಳಿಸಿದರು. ‘ಇಲ್ಲಿ ಕಡಿದು ಸಾಗುವಳಿ ಮಾಡಿಕೊಳ್ಳಿ’ ಎಂದರು. ಜನ ಮಾಡಿಕೊಂಡರು. ಆದರೆ ಆ ನೆಲ ಕಾಗದದಲ್ಲಿ ಅರಣ್ಯವಾಗಿಯೇ ಉಳಿಯಿತು.

ಒಂದು ಸಂಗತಿಯನ್ನು ಗಮನಿಸಬೇಕು. ಕೇಂದ್ರದ ಅರಣ್ಯ ಸಂರಕ್ಷಣಾ ಕಾಯಿದೆ ಜಾರಿಗೆ ಬಂದದ್ದು ೧೯೮೦ರ ಅಕ್ಟೋಬರ್ ೨೫ರಂದು. ಅಂದಿನಿಂದ ಅರಣ್ಯವನ್ನು ಬೇರೆ ಉಪಯೋಗಕ್ಕೆ ಬಿಡಲು ಕೇಂದ್ರದ ಒಪ್ಪಿಗೆ ಬೇಕಾಯಿತು. ಅದಕ್ಕೆ ಮೊದಲು, ೧೯೬೪ರಿಂದ ಲೆಕ್ಕ ಹಾಕಿದರೂ ಹದಿನಾರು ವರ್ಷ, ರಾಜ್ಯವೇ ತೀರ್ಮಾನಿಸಬಹುದಾಗಿತ್ತು. ಅಂದು ಅಳೆದು, ಖಾತೆ ಮಾಡಿ ಕೊಟ್ಟಿದ್ದರೆ ಮುಗಿಯುತ್ತಿತ್ತು. ಕಡತಗಳು ಮೇಜಿನಿಂದ ಮೇಜಿಗೆ ಹೋದವು. ಕಾಯಿದೆ ಬಂದ ಮೇಲೆ, ‘ನಮ್ಮ ಕೈಯಲ್ಲಿಲ್ಲ, ಕಾನೂನಿನ ತೊಡಕು’ ಎಂಬ ಉತ್ತರ ಸಿದ್ಧವಾಯಿತು. ೧೯೯೪ರಿಂದ ೨೦೧೭ರವರೆಗೆ ಬೇರೆ ಬೇರೆ ಸರ್ಕಾರಗಳು ಒಂಬತ್ತು ಸಾವಿರ ಎಕರೆಗೂ ಮಿಕ್ಕ ಭೂಮಿಯನ್ನು ಅರಣ್ಯದಿಂದ ಬಿಡಿಸಿ ಅಧಿಸೂಚನೆ ಹೊರಡಿಸಿದವು. ಅಗತ್ಯವಾದ ಕೇಂದ್ರದ ಒಪ್ಪಿಗೆಯನ್ನೇ ಪಡೆದಿರಲಿಲ್ಲ. ೨೦೨೧ರಲ್ಲಿ ವಿಷಯ ಹೈಕೋರ್ಟಿನಲ್ಲಿ ಬಿದ್ದುಹೋಗಿ, ಅಧಿಸೂಚನೆಗಳು ರದ್ದಾದವು. ಲಾರಿಯಿಂದಿಳಿದ ಮಗು ಈಗ ಅಜ್ಜನಾಗಿದ್ದಾನೆ. ಹಕ್ಕುಪತ್ರಕ್ಕಾಗಿ ಕಾದ ಕುಟುಂಬಗಳು ಇನ್ನೂ ಕಾದಿವೆ.

ತೊಡಕಿತ್ತು, ಆದ್ದರಿಂದ ತೀರ್ಮಾನವಾಗಲಿಲ್ಲ ಎಂದು ಹೇಳುವವರಿದ್ದಾರೆ. ನಮಗೆ ತೋರುವುದು ಬೇರೆ. ತೀರ್ಮಾನವಾಗಲಿಲ್ಲ, ಆದ್ದರಿಂದ ತೊಡಕು ಬೆಳೆಯಿತು. ಅರಣ್ಯ ಉಳಿಯಬೇಕೆಂಬ ಕಾಯಿದೆಯನ್ನು ನಾವು ದೂರುವುದಿಲ್ಲ; ಕಾಡಿಲ್ಲದೆ ತುಂಗೆಯೂ ಇಲ್ಲ, ಶರಾವತಿಯೂ ಇಲ್ಲ. ಬಾಗಿಲು ತೆರೆದಿದ್ದಾಗ ಒಳಗೆ ಹೋಗದೆ, ಮುಚ್ಚಿದ ಮೇಲೆ ಬೀಗವನ್ನು ದೂರುವುದು ಯಾವ ನ್ಯಾಯ?

ಅದೇ ಹಿನ್ನೀರಿನ ಆಚೆ ಸಿಗಂದೂರಿನ ಕಡೆಯ ಜನ ಲಾಂಚಿಗಾಗಿ ದಡದಲ್ಲಿ ಕಾದ ವರ್ಷಗಳೆಷ್ಟು! ೨೦೧೮ರಲ್ಲಿ ಸೇತುವೆಗೆ ಶಂಕುಸ್ಥಾಪನೆಯಾಯಿತು, ೨೦೨೫ರ ಜುಲೈಯಲ್ಲಿ ವಾಹನ ಓಡಿತು. ಅಷ್ಟರಲ್ಲಿ ಹಿನ್ನೀರಿನ ಅಗಲವೇನೂ ಕಡಿಮೆಯಾಗಿರಲಿಲ್ಲ.

ಹಾಗಾದರೆ ಅವಸರ ಮಾಡಬೇಕೆ ಎಂದು ಅಂದು ಒಬ್ಬರು ಕೇಳಿದರು. ಅಲ್ಲ. ಕೊಳೆರೋಗದ ಔಷಧಿಯ ಮಾತು ತೋಟದವರಿಗೆ ಹೇಳಬೇಕಾಗಿಲ್ಲ. ಮೈಲುತುತ್ತ, ಸುಣ್ಣ ಹದವಾಗಿ ಬೆರೆಯಬೇಕು. ಆತುರಪಟ್ಟರೆ ಗೊನೆ ಸುಡುತ್ತದೆ. ಆದರೆ ಮಳೆ ಹಿಡಿಯುವ ಮೊದಲು ಹೊಡೆಯದವನು ಆಷಾಢದಲ್ಲಿ ‘ಮಳೆ ಬಿಡುತ್ತಿಲ್ಲ, ಏನು ಮಾಡಲಿ’ ಎಂದರೆ, ಉದುರಿದ ಕಾಯಿ ಮರಕ್ಕೆ ಹತ್ತುವುದಿಲ್ಲ.

ನಮ್ಮ ನೆರೆಯ ಉಡುತಡಿಯ ಅಕ್ಕಮಹಾದೇವಿಯನ್ನು ನೆನೆಯಬೇಕು. ಹರಿಹರನ ರಗಳೆಯಲ್ಲಿ ಬರುವಂತೆ, ಅವಳು ಕೌಶಿಕನಿಗೆ ತನ್ನ ನಿಬಂಧನೆಗಳನ್ನು ಮೊದಲೇ ಹೇಳಿದಳು. ಅವನು ಅವನ್ನು ಮುರಿದ ಮೇಲೆ ಅರಮನೆಯಲ್ಲಿ ನಿಲ್ಲಲಿಲ್ಲ. ಅರಮನೆ, ಅರಸ, ತಂದೆತಾಯಿಯ ಕ್ಷೇಮ, ಲೋಕದ ಮಾತು, ಇಷ್ಟೂ ಅವಳ ಮುಂದಿದ್ದವು. ನಮ್ಮಲ್ಲಿ ಯಾರಾದರೂ ಆಗಿದ್ದರೆ ಆ ತೊಡಕಿನ ನಡುವೆ ಮುದುಕರಾಗುತ್ತಿದ್ದೆವು.

‘ಇಲ್ಲ’ ಎನ್ನುವುದೂ ಒಂದು ತೀರ್ಮಾನವೇ. ‘ಇಲ್ಲ’ ಎಂದು ಕೇಳಿದವನು ನೊಂದರೂ ಬೇರೆ ದಾರಿ ಹಿಡಿಯುತ್ತಾನೆ. ‘ನೋಡೋಣ’ ಎಂದು ಕೇಳಿದವನು ಅಂಗಳದಲ್ಲೇ ಕುಳಿತಿರುತ್ತಾನೆ.

ಇಷ್ಟು ಹೇಳಿದಾಗ ಆ ಹಿರಿಯರು ಕೈಮುಗಿದು, ‘ತಪ್ಪು ತಿಳಿಯಬಾರದು ಬುದ್ಧಿ. ಮಠದ ಹಿತ್ತಲಲ್ಲಿರುವ ಆ ಸಂಸಾರದ ಕಾಗದ ಏನಾಯಿತು?’ ಎಂದರು.

ಮುಳುಗಡೆಯಿಂದ ಬಂದ ಒಂದು ಸಂಸಾರಕ್ಕೆ ನಮ್ಮ ಹಿಂದಿನ ಗುರುಗಳು ಮಠದ ಜಾಗದಲ್ಲಿ ಮನೆ ಕಟ್ಟಿಕೊಳ್ಳಲು ಬಾಯಿಮಾತಿನಲ್ಲಿ ಅಪ್ಪಣೆ ಕೊಟ್ಟಿದ್ದರು. ಅವರ ಮಗ ಪ್ರತಿ ವರ್ಷ ಜಾತ್ರೆಯ ಸಮಯದಲ್ಲಿ ಬಂದು ಒಂದು ಬರಹ ಕೇಳುತ್ತಾನೆ. ನಾವು ‘ಟ್ರಸ್ಟಿನವರನ್ನು ಕೇಳಬೇಕು, ವಕೀಲರನ್ನು ಕೇಳಬೇಕು’ ಎನ್ನುತ್ತ ಬಂದಿದ್ದೆವು. ವಕೀಲರನ್ನು ಕೇಳಿಯೇ ಇರಲಿಲ್ಲ.

ಮರುದಿನ ಕೇಳಿದೆವು. ಜಾಗವನ್ನು ಅವರ ಹೆಸರಿಗೆ ಮಾಡಿಕೊಡಲು ನಮ್ಮ ಟ್ರಸ್ಟಿನ ಪತ್ರದಲ್ಲಿ ಅವಕಾಶವಿಲ್ಲ, ವಾಸಕ್ಕೆ ಗುತ್ತಿಗೆ ಬರೆದುಕೊಡಬಹುದು ಎಂದರು. ಅರ್ಧ ಗಂಟೆಯ ಮಾತು. ಆ ಮಗನನ್ನು ಕರೆಸಿ, ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಹೇಳಿದೆವು. ‘ಇಷ್ಟು ತಿಳಿದರೆ ಸಾಕಿತ್ತು ಬುದ್ಧಿ. ಮಾಡಿಗೆ ಹೊಸ ಹೆಂಚು ಹಾಕಿಸುವುದೋ ಬೇಡವೋ ಎಂದು ಹನ್ನೊಂದು ಮಳೆಗಾಲ ಸೋರುವ ಮನೆಯಲ್ಲೇ ಇದ್ದೆವು’ ಎಂದ.

ಹಿರಿಯರು ಕಾರ್ತಿಕದಲ್ಲಿ ತಮ್ಮನನ್ನು ಕರೆದುಕೊಂಡು ಮಠಕ್ಕೆ ಬಂದಿದ್ದರು. ಅಳತೆಗೆ ಅರ್ಜಿ ಕೊಟ್ಟಿದ್ದಾರೆ. ತಂಗಿಯ ಪಾಲನ್ನು ಮೊದಲು ಬರೆದಿದ್ದಾರೆ, ಕೆರೆಯ ನೀರನ್ನು ಸರದಿಯ ಮೇಲೆ ಬಿಟ್ಟುಕೊಳ್ಳುವುದೆಂದು ಒಪ್ಪಿದ್ದಾರೆ. ಬೆಟ್ಟದ ತುಂಡಿನ ವಿಷಯ ಬಗೆಹರಿದಿಲ್ಲ. ಅದನ್ನು ಬಿಟ್ಟು ಉಳಿದದ್ದನ್ನು ಯುಗಾದಿಯೊಳಗೆ ಪಾಲು ಮಾಡಿಕೊಳ್ಳುತ್ತಾರಂತೆ.