ಹಳೇ ಪಾರ್ಕಿಂಗ್ ದಂಡ ಕಟ್ಟದೆ ಬಿಟ್ಟಿದ್ದೀರಾ? ಗಾಡಿ ಮಾರುವ ಹೊತ್ತಿಗೆ ಶುರುವಾಗುತ್ತೆ ತಲೆನೋವು!

ಅಹಮದಾಬಾದ್: ಸಿ.ಜಿ. ರಸ್ತೆಯ ಅಂಗಡಿಯೊಂದರ ಮುಂದೆ ಐದು ನಿಮಿಷ ಕಾರು ನಿಲ್ಲಿಸಿದ್ದಕ್ಕೆ ಮೊಬೈಲಿಗೆ ದಂಡದ ಸಂದೇಶ ಬಂದಿತ್ತು. ನಾಳೆ ಕಟ್ಟಿದರಾಯ್ತು ಎನ್ನುತ್ತಲೇ ಮೂರು ವರ್ಷ ಕಳೆದಿದೆ. ಪೊಲೀಸರು ಮನೆಗೆ ಬಂದಿಲ್ಲ, ಫೋನೂ ಮಾಡಿಲ್ಲ. ಹಾಗಾದರೆ ಆ ದಂಡ ತಾನಾಗೇ ರದ್ದಾಯಿತೇ?

ಇಲ್ಲ. ಗುಜರಾತಿನಲ್ಲಿ ಜನ 'ಇ-ಮೆಮೊ' ಎಂದು ಕರೆಯುವ ಈ ಇ-ಚಲನ್ ದಾಖಲಾಗುವುದು ವಾಹನದ ನೋಂದಣಿ ಸಂಖ್ಯೆಯ ಮೇಲೆ. ಮಾಲೀಕರು ಮರೆತರೂ 'ವಾಹನ್' ದತ್ತಾಂಶದಲ್ಲಿ ಅದು ಹಾಗೇ ಉಳಿದಿರುತ್ತದೆ. ಗಾಡಿ ಮಾರಲು ಆರ್‌ಟಿಒಗೆ ಅರ್ಜಿ ಹಾಕಿದಾಗ, ಇಲ್ಲವೇ ಬೇರೆ ರಾಜ್ಯಕ್ಕೆ ಒಯ್ಯಲು ಎನ್‌ಒಸಿ ಕೇಳಿದಾಗ ಬಾಕಿ ಚಲನ್ ಕಣ್ಣಿಗೆ ಬೀಳುತ್ತದೆ. ಫೈಲು ಅಲ್ಲಿಗೇ ನಿಲ್ಲಬಹುದು.

ಮೊತ್ತ ದೊಡ್ಡದೇನಲ್ಲ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಬಳಿಕ, ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 177ರಡಿ ಮೊದಲ ತಪ್ಪಿಗೆ 500 ರೂಪಾಯಿವರೆಗೆ, ಮತ್ತೆ ಸಿಕ್ಕಿಬಿದ್ದರೆ 1,500 ರೂಪಾಯಿವರೆಗೆ ದಂಡವಿದೆ. ಬ್ಯಾಂಕ್ ಸಾಲದಂತೆ ಇದಕ್ಕೆ ಬಡ್ಡಿ ಬೆಳೆಯುವುದಿಲ್ಲ. ಆದರೆ ಸೂರತ್‌ನ ರಿಂಗ್ ರೋಡ್ ಜವಳಿ ಮಾರುಕಟ್ಟೆಗೋ ವಡೋದರಾದ ಮಾಂಡವಿಗೋ ದಿನವೂ ಹೋಗಿಬರುವವರ ಗಾಡಿಯ ಮೇಲೆ ಇಂಥ ಹತ್ತು ಮೆಮೊ ಸೇರಿದರೆ ಲೆಕ್ಕ ಬೇರೆ. ಗಾಡಿಯನ್ನು ಎತ್ತಿಕೊಂಡು ಹೋದರೆ ಸೆಕ್ಷನ್ 127ರ ಪ್ರಕಾರ ಟೋಯಿಂಗ್ ಖರ್ಚೂ ಮಾಲೀಕರದೇ.

90 ದಿನದ ನಂತರ ಕೋರ್ಟ್

2023ರಲ್ಲಿ ಗುಜರಾತ್ 'ಒಂದು ರಾಷ್ಟ್ರ, ಒಂದು ಚಲನ್' ವ್ಯವಸ್ಥೆಗೆ ಬಂದಾಗ ಮಾಡಿಕೊಂಡ ಏರ್ಪಾಡು ಸರಳ. 90 ದಿನದಲ್ಲಿ ದಂಡ ಕಟ್ಟದಿದ್ದರೆ ಪ್ರಕರಣ ತಾನಾಗಿ ವರ್ಚುವಲ್ ಕೋರ್ಟಿಗೆ ಹೋಗುತ್ತದೆ. ಅಲ್ಲಿ ತಪ್ಪೊಪ್ಪಿಕೊಂಡು ಆನ್‌ಲೈನ್‌ನಲ್ಲೇ ಹಣ ಕಟ್ಟಬಹುದು. ಒಪ್ಪದವರು ತಕರಾರು ಎತ್ತಿದರೆ ಪ್ರಕರಣ ಮಾಮೂಲಿ ನ್ಯಾಯಾಲಯಕ್ಕೆ ವರ್ಗವಾಗುತ್ತದೆ. ಅಲ್ಲಿಂದ ಬಂದ ಸಮನ್ಸ್ ಕಡೆಗಣಿಸಿದರೆ ವಾರಂಟ್ ಹೊರಡಿಸುವ ಅಧಿಕಾರವೂ ನ್ಯಾಯಾಧೀಶರಿಗಿದೆ. ಪಾರ್ಕಿಂಗ್ ವಿಷಯಕ್ಕೆ ಅಷ್ಟು ದೂರ ಹೋಗುವುದು ಅಪರೂಪ ಅನ್ನಿ.

ಆರು ತಿಂಗಳಾದರೆ ಕೇಸು ಬಿದ್ದುಹೋಗುತ್ತದೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಅದು ಅರ್ಧ ಸತ್ಯ. ದಂಡ ಮಾತ್ರ ವಿಧಿಸಬಹುದಾದ ಅಪರಾಧಗಳಿಗೆ ಆರು ತಿಂಗಳ ಕಾಲಮಿತಿ ಇರುವುದು ನಿಜ. ಹಿಂದಿನ ಸಿಆರ್‌ಪಿಸಿಯ ಸೆಕ್ಷನ್ 468ರಲ್ಲಿದ್ದ ಈ ನಿಯಮ ಈಗ ಬಿಎನ್‌ಎಸ್‌ಎಸ್‌ನ ಸೆಕ್ಷನ್ 514ರಲ್ಲಿದೆ. ಆದರೆ ಎಣಿಕೆಗೆ ಬರುವುದು ಪೊಲೀಸರು ಕೋರ್ಟಿಗೆ ಹೋದ ದಿನ. ಅವರು ಆರು ತಿಂಗಳೊಳಗೆ ದೂರು ಸಲ್ಲಿಸಿದ್ದರೆ ನೀವು ಎಷ್ಟು ವರ್ಷ ಕಾದರೂ ಪ್ರಯೋಜನವಿಲ್ಲ. ಸಲ್ಲಿಸದಿದ್ದರೂ ಸೂಕ್ತ ಕಾರಣವಿದ್ದರೆ ವಿಳಂಬವನ್ನು ಮನ್ನಿಸಲು ಕೋರ್ಟಿಗೆ ಅವಕಾಶವಿದೆ. ಮೇಲಾಗಿ, ಕಾಲಮಿತಿ ಮುಗಿದ ಮಾತ್ರಕ್ಕೆ ಪೋರ್ಟಲ್‌ನಲ್ಲಿರುವ ಬಾಕಿ ಅಳಿಸಿಹೋಗುವುದಿಲ್ಲ. ವಾದ ಗೆಲ್ಲಲು ನೀವೇ ಓಡಾಡಬೇಕು.

ನಿಜವಾಗಿ ಕೆಲಸಕ್ಕೆ ಬರುವ ನಿಯಮ ಬೇರೆಯಿದೆ. 2021ರ ಆಗಸ್ಟ್‌ನಲ್ಲಿ ಸೇರಿಸಿದ 167ಎ ನಿಯಮದ ಪ್ರಕಾರ, ಕ್ಯಾಮೆರಾದಲ್ಲಿ ಸಿಕ್ಕ ತಪ್ಪಿನ ನೋಟಿಸನ್ನು 15 ದಿನದೊಳಗೆ ಕಳುಹಿಸಬೇಕು. ಈ ತಪ್ಪುಗಳ ಪಟ್ಟಿಯಲ್ಲಿ ನಿಷೇಧಿತ ಜಾಗದಲ್ಲಿ ನಿಲುಗಡೆಯೂ ಇದೆ. ತಡವಾಗಿ ಬಂದ ಮೆಮೊ, ಬೇರೆ ಗಾಡಿಯ ಫೋಟೊ ಇರುವ ಮೆಮೊಗಳನ್ನು ಆಗಲೇ ಪ್ರಶ್ನಿಸಿದರೆ ಬಲ ಹೆಚ್ಚು.

ಕೆಎ ನಂಬರಿನವರು ಗಮನಿಸಿ

ಕೆಲಸಕ್ಕೆಂದು ಸೂರತ್, ವಡೋದರಾಗಳಿಗೆ ಕರ್ನಾಟಕದ ಗಾಡಿ ಒಯ್ದವರಿಗೆ ತೊಡಕು ಎರಡು ಪಟ್ಟು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವ ವಾಹನಕ್ಕೆ ಅಲ್ಲಿನ ನೋಂದಣಿ ಸಂಖ್ಯೆ ಪಡೆಯಬೇಕು. ಅದಕ್ಕೆ ಊರಿನ ಆರ್‌ಟಿಒದಿಂದ ಎನ್‌ಒಸಿ ಬೇಕು. ನೋಟಿಸ್ ಮಾತ್ರ ಆರ್‌ಸಿಯಲ್ಲಿರುವ ಹುಬ್ಬಳ್ಳಿಯದೋ ದಾವಣಗೆರೆಯದೋ ಹಳೇ ವಿಳಾಸಕ್ಕೆ ಹೋಗುತ್ತದೆ. ಮೊಬೈಲ್ ನಂಬರೂ ಬದಲಾಗಿದ್ದರೆ ದಂಡ ಬಿದ್ದದ್ದೇ ತಿಳಿಯುವುದಿಲ್ಲ.

ಗಾಡಿ ಮಾರಿಯೂ ಹೆಸರು ಬದಲಿಸದವರ ಪಾಡು ಇನ್ನೂ ಕಷ್ಟ. ಹೊಸಬರು ಎಲ್ಲೆಂದರಲ್ಲಿ ನಿಲ್ಲಿಸಿದ ದಂಡ ಹಳಬರ ಹೆಸರಿಗೇ ಬರುತ್ತದೆ. ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದಂತೆ, ಕಾನೂನಿನ ಕಣ್ಣಲ್ಲಿ ನೋಂದಣಿಯಲ್ಲಿ ಹೆಸರಿರುವವರೇ ಮಾಲೀಕರು.

ಬೆಂಗಳೂರಿನವರಿಗೆ ರಿಯಾಯಿತಿಗೆ ಕಾಯುವ ಅಭ್ಯಾಸವಾಗಿದೆ. 2023ರ ಫೆಬ್ರವರಿಯಲ್ಲಿ ಶೇ 50 ರಿಯಾಯಿತಿ ಕೊಟ್ಟಾಗ 100 ಕೋಟಿ ರೂಪಾಯಿಗೂ ಹೆಚ್ಚು ದಂಡ ಸಂಗ್ರಹವಾಗಿತ್ತು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೆ ಅದೇ ಅವಕಾಶ ಸಿಕ್ಕಿತು. ಆದರೆ ಅದು ಕರ್ನಾಟಕ ಸರ್ಕಾರದ ಆದೇಶ, ಅಹಮದಾಬಾದಿನಲ್ಲಿ ಬಿದ್ದ ಮೆಮೊಗೆ ಅನ್ವಯಿಸದು. ಅಲ್ಲಿನವರಿಗೆ ಲೋಕ ಅದಾಲತ್‌ನಲ್ಲಿ ಬಾಕಿ ಇತ್ಯರ್ಥ ಮಾಡಿಕೊಳ್ಳುವ ದಾರಿಯಿದೆ.

ಬಾಕಿ ಇದೆಯೇ ಎಂದು ತಿಳಿಯಲು ಪರಿವಾಹನ್ ಇ-ಚಲನ್ ಪೋರ್ಟಲ್‌ನಲ್ಲಿ ಗಾಡಿ ಸಂಖ್ಯೆ, ಚಾಸಿ ಅಥವಾ ಎಂಜಿನ್ ಸಂಖ್ಯೆಯ ಕೊನೆಯ ಅಂಕಿಗಳನ್ನು ಹಾಕಿ ನೋಡಬಹುದು. ಹಳೇ ಗಾಡಿ ಕೊಳ್ಳುವವರು ಮುಂಗಡ ಕೊಡುವ ಮೊದಲೇ ಇದನ್ನು ನೋಡಬೇಕು. ವಾಟ್ಸಾಪ್‌ನಲ್ಲಿ 'ನಿಮ್ಮ ಚಲನ್' ಎಂದು ಎಪಿಕೆ ಫೈಲ್ ಬಂದರೆ ತೆರೆಯಬೇಡಿ. ಅದು ಬ್ಯಾಂಕ್ ಖಾತೆಗೆ ಕನ್ನ ಹಾಕುವ ವಂಚಕರ ಜಾಲ.