ಶ್ವಾಸಕೋಶದ ಏಡಿಗಂತಿ: ರೋಗಿಯ ಸ್ಥಿತಿ ಮತ್ತು ಚಿಕಿತ್ಸೆಯ ಫಲ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಗಳ ನೆಲವು ತೊಗರಿಗೆ ಎಷ್ಟು ಪ್ರಸಿದ್ಧವೋ ಕಲ್ಲಿಗೂ ಅಷ್ಟೇ ಪ್ರಸಿದ್ಧವಾಗಿದೆ. ಇಲ್ಲಿಯ ಪರ್ಸಿ ಕಲ್ಲು ದೇಶದ ಅಸಂಖ್ಯ ಮನೆಗಳ ನೆಲಹಾಸಾಗಿದೆ; ಇಲ್ಲಿಯ ಸುಣ್ಣದಕಲ್ಲು ಸಿಮೆಂಟ್ ಕಾರ್ಖಾನೆಗಳನ್ನು ಬೆಳೆಸಿದೆ. ಕಲ್ಲನ್ನು ಸೀಳಿ, ಕೊರೆದು, ಹೊತ್ತು ಬದುಕುವ ಜನರಲ್ಲಿ ಕೆಮ್ಮು ಹೊಸದಲ್ಲ. ಧೂಳಿನ ಕೆಮ್ಮು, ಬೀಡಿಯ ಕೆಮ್ಮು, ಕ್ಷಯದ ಕೆಮ್ಮು ಎಂದು ಅದಕ್ಕೆ ಹೆಸರಿಟ್ಟು ಸುಮ್ಮನಾಗುವುದು ರೂಢಿಯಾಗಿದೆ. ಈ ಮೂರು ಹೆಸರುಗಳ ಮರೆಯಲ್ಲಿ ನಾಲ್ಕನೆಯದೊಂದು ರೋಗವು ತಿಂಗಳುಗಟ್ಟಲೆ ಅಡಗಿರಬಲ್ಲದು. ಅದೇ ಶ್ವಾಸಕೋಶದ ಕ್ಯಾನ್ಸರ್, ಕನ್ನಡದಲ್ಲಿ ಏಡಿಗಂತಿ ಎಂದು ಕರೆಯಲ್ಪಡುವ ವ್ಯಾಧಿ.

ಈ ರೋಗಕ್ಕೆ ಮುಖ್ಯ ಕಾರಣ ತಂಬಾಕಿನ ಹೊಗೆ ಎಂಬುದು ಇಂದು ನಿರ್ವಿವಾದ. 1950ರಲ್ಲಿ ಇಂಗ್ಲೆಂಡಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬ ವಿಜ್ಞಾನಿಗಳು ಲಂಡನ್ನಿನ ಆಸ್ಪತ್ರೆಗಳ ರೋಗಿಗಳನ್ನು ವಿಚಾರಿಸಿ ಈ ಸಂಬಂಧವನ್ನು ಸ್ಪಷ್ಟಪಡಿಸಿದರು. ಬೀಡಿಯು ಸಿಗರೇಟಿಗಿಂತ ಸೌಮ್ಯವೆಂಬ ನಂಬಿಕೆ ನಮ್ಮ ಜನರಲ್ಲಿದೆ, ಅದು ತಪ್ಪು. ಎಲೆಯಲ್ಲಿ ಸುತ್ತಿದ ಬೀಡಿ ಆರದಂತೆ ನೋಡಿಕೊಳ್ಳಲು ಮೇಲಿಂದ ಮೇಲೆ ಜೋರಾಗಿ ಎಳೆಯಬೇಕಾಗುವುದರಿಂದ ಹೊಗೆಯು ಎದೆಯ ಆಳಕ್ಕೆ ಇಳಿಯುತ್ತದೆ. ಧೂಳಿನ ವಿಷಯದಲ್ಲಿ ವಿವೇಚನೆ ಅಗತ್ಯ. ಸುಣ್ಣದಕಲ್ಲಿನ ಮುಖ್ಯ ಅಂಶ ಕ್ಯಾಲ್ಸಿಯಂ ಕಾರ್ಬೊನೇಟ್. ಅದು ಕ್ಯಾನ್ಸರ್‌ಕಾರಕವೆಂದು ಸಿದ್ಧವಾಗಿಲ್ಲ. ಆದರೆ ಮರಳುಗಲ್ಲು, ಗ್ರಾನೈಟ್ ಮೊದಲಾದವುಗಳಲ್ಲಿರುವ ಸ್ಫಟಿಕ ರೂಪದ ಸಿಲಿಕಾ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1997ರಲ್ಲಿ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. ಕಲ್ನಾರು ಸಹ ಅದೇ ವರ್ಗದ್ದು. ಧೂಳಿನಲ್ಲಿ ದುಡಿಯುವವನು ಬೀಡಿಯನ್ನೂ ಸೇದಿದರೆ ಅಪಾಯವು ಇನ್ನಷ್ಟು ಹೆಚ್ಚುತ್ತದೆ. ತಂಬಾಕು ಮುಟ್ಟದವರಿಗೂ, ಅದರಲ್ಲಿಯೂ ಸ್ತ್ರೀಯರಿಗೂ ಈ ರೋಗ ಬರುವುದುಂಟು ಎಂಬುದನ್ನು ಮರೆಯಲಾಗದು.

ಭಾರತದ ಆಸ್ಪತ್ರೆಗಳಿಗೆ ಬರುವ ಇಂಥ ರೋಗಿಗಳಲ್ಲಿ ಕೆಲವು ಸಮಾನ ಲಕ್ಷಣಗಳು ಕಂಡುಬರುತ್ತವೆ. ಬಹುತೇಕರ ವಯಸ್ಸು 55ರಿಂದ 60ರ ಆಸುಪಾಸು. ಪಾಶ್ಚಾತ್ಯ ದೇಶಗಳ ರೋಗಿಗಳಿಗಿಂತ ಸುಮಾರು ಹತ್ತು ವರ್ಷ ಕಡಿಮೆ. ಅಂದರೆ ಮನೆಯ ದುಡಿಯುವ ಯಜಮಾನನೇ ಹಾಸಿಗೆ ಹಿಡಿಯುತ್ತಾನೆ. ಪುರುಷರ ಸಂಖ್ಯೆ ಅಧಿಕ. ಎಲ್ಲಕ್ಕಿಂತ ಗಂಭೀರವಾದುದೆಂದರೆ, ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಮೂರನೆಯ ಅಥವಾ ನಾಲ್ಕನೆಯ ಹಂತದಲ್ಲಿಯೇ ತಜ್ಞರ ಮುಂದೆ ಬರುತ್ತಾರೆ. ಗಂಟು ಶ್ವಾಸಕೋಶದಲ್ಲಿ ಮಾತ್ರ ಇದ್ದರೆ ಅದು ಆರಂಭದ ಹಂತ. ಎದೆಯ ನಡುವಿನ ಗ್ರಂಥಿಗಳಿಗೆ ಹಬ್ಬಿದರೆ ಸಾಮಾನ್ಯವಾಗಿ ಮೂರನೆಯದು. ಎಲುಬು, ಮಿದುಳು, ಯಕೃತ್ತು ಅಥವಾ ಎದೆಪೊರೆಯ ನೀರಿಗೆ ತಲುಪಿದರೆ ನಾಲ್ಕನೆಯದು.

ಈ ವಿಳಂಬಕ್ಕೆ ಬಡತನವೊಂದೇ ಕಾರಣವಲ್ಲ. ಕೆಮ್ಮು, ಕಫದಲ್ಲಿ ರಕ್ತ, ಸಣ್ಣ ಜ್ವರ, ತೂಕ ಇಳಿಯುವುದು, ಇವು ಕ್ಷಯಕ್ಕೂ ಸಮಾನ. ಎಕ್ಸ್‌ರೇ ಚಿತ್ರದಲ್ಲಿಯೂ ಎರಡೂ ಒಂದೇ ತೆರನಾಗಿ ಕಾಣಬಹುದು. ಕ್ಷಯವು ವ್ಯಾಪಕವಾಗಿರುವ ನಮ್ಮ ದೇಶದಲ್ಲಿ, ಕಫದಲ್ಲಿ ಕ್ಷಯಾಣು ಸಿಗದಿದ್ದರೂ ಊಹೆಯ ಮೇಲೆ ಕ್ಷಯದ ಔಷಧ ಕೊಟ್ಟು ತಿಂಗಳುಗಳನ್ನು ಕಳೆದ ಉದಾಹರಣೆಗಳು ವೈದ್ಯಕೀಯ ಸಾಹಿತ್ಯದಲ್ಲಿ ಹೇರಳವಾಗಿವೆ. ಕ್ಷಯದ ಪರೀಕ್ಷೆ ಮಾಡಿಸಲೇಬೇಕು. ಆದರೆ ಕ್ಷಯಾಣು ದೊರೆಯದೆ, ಔಷಧದಿಂದ ಗುಣವೂ ಕಾಣದಿದ್ದರೆ ಸಿ.ಟಿ. ಸ್ಕ್ಯಾನ್ ಮಾಡಿಸಿ ಕಾರಣ ಹುಡುಕಬೇಕು. ಧ್ವನಿ ಒಡೆಯುವುದು, ಮುಖ ಮತ್ತು ಕೊರಳು ಊದಿಕೊಳ್ಳುವುದು, ಬೆರಳ ತುದಿ ದುಂಡಗಾಗುವುದು, ಹೆಗಲಿನಿಂದ ತೋಳಿಗೆ ಇಳಿಯುವ ನೋವು, ಇವು ಕಂಡಾಗ ಒಂದು ವಾರವನ್ನೂ ವ್ಯರ್ಥಮಾಡಬಾರದು.

ಚಿಕಿತ್ಸೆಯ ಫಲವನ್ನು ನಿರ್ಧರಿಸುವ ಸಂಗತಿಗಳು ಮುಖ್ಯವಾಗಿ ಮೂರು: ರೋಗದ ಹಂತ, ಅದರ ಜಾತಿ ಮತ್ತು ರೋಗಿಯ ದೇಹಶಕ್ತಿ. ಜಾತಿಯನ್ನು ತಿಳಿಯಲು ಗಂಟಿನ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ತುಣುಕು ತೆಗೆದರೆ ರೋಗ ಹಬ್ಬುವುದೆಂಬ ಭಯದಿಂದ ಅನೇಕರು ಹಿಂಜರಿಯುತ್ತಾರೆ. ಈ ಭಯದಿಂದಾಗುವ ನಷ್ಟ ದೊಡ್ಡದು, ಏಕೆಂದರೆ ಜಾತಿ ತಿಳಿಯದೆ ಔಷಧ ಕೊಡುವುದು ಸಾಧ್ಯವಿಲ್ಲ. ಸುಮಾರು ನೂರಕ್ಕೆ 15 ರೋಗಿಗಳಲ್ಲಿ ಕಾಣುವುದು ಸಣ್ಣ ಕೋಶದ ಕ್ಯಾನ್ಸರ್. ಅದು ವೇಗವಾಗಿ ಹಬ್ಬುತ್ತದೆ, ಔಷಧಕ್ಕೆ ಬೇಗನೆ ಕರಗುತ್ತದೆ, ಆದರೆ ಬೇಗನೆ ಮರುಕಳಿಸುತ್ತದೆ. ಉಳಿದವರದು ಇತರ ಜಾತಿ. ಅವುಗಳಲ್ಲಿ ಅಡಿನೊಕಾರ್ಸಿನೋಮ ಮುಖ್ಯವಾದುದು. ದೇಹಶಕ್ತಿಯನ್ನು ವೈದ್ಯರು 0ಯಿಂದ 4ರವರೆಗಿನ ಅಂಕಗಳಲ್ಲಿ ಅಳೆಯುತ್ತಾರೆ. ಎಂದಿನಂತೆ ಕೆಲಸ ಮಾಡಬಲ್ಲವನಿಗೆ 0; ಪೂರ್ಣ ಹಾಸಿಗೆ ಹಿಡಿದವನಿಗೆ 4. ವಯಸ್ಸಿಗಿಂತಲೂ ಈ ಅಂಕವೇ ಹೆಚ್ಚು ಮಹತ್ವದ್ದು.

ಮುಂದುವರಿದ ಹಂತದಲ್ಲಿ ಔಷಧದಿಂದ ದೊರೆಯುವ ಲಾಭವೆಷ್ಟು? 2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ ನಾಲ್ಕು ಬಗೆಯ ಕಿಮೊಥೆರಪಿಗಳನ್ನು ಹೋಲಿಸಿ ನೋಡಲಾಯಿತು. ಗಂಟು ಗಣನೀಯವಾಗಿ ಕುಗ್ಗಿದ್ದು ನೂರಕ್ಕೆ 19 ಜನರಲ್ಲಿ. ಮಧ್ಯಕ ಆಯುಷ್ಯ 7.9 ತಿಂಗಳು, ಒಂದು ವರ್ಷ ದಾಟಿದವರು ನೂರಕ್ಕೆ 33. ನಾಲ್ಕು ಬಗೆಗಳಲ್ಲಿ ಯಾವುದೂ ಮತ್ತೊಂದಕ್ಕಿಂತ ಮೇಲೆಂದು ತೋರಲಿಲ್ಲ. ಮಧ್ಯಕವೆಂದರೆ ಗಡುವಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಅರ್ಧ ಜನ ಅದಕ್ಕಿಂತ ಮೊದಲೇ ತೀರಿಕೊಂಡರೆ, ಉಳಿದರ್ಧ ಜನ ಅದಕ್ಕಿಂತ ಹೆಚ್ಚು ಕಾಲ ಬದುಕಿರುತ್ತಾರೆ. ಆದುದರಿಂದ ‘ಇಷ್ಟೇ ತಿಂಗಳು’ ಎಂದು ಯಾವ ಒಬ್ಬ ರೋಗಿಗೂ ಲೆಕ್ಕ ಹೇಳುವುದು ಸರಿಯಲ್ಲ.

ಈ ಎರಡು ದಶಕಗಳಲ್ಲಿ ಚಿತ್ರವು ಕೆಲಮಟ್ಟಿಗೆ ಬದಲಾಗಿದೆ. ಅಡಿನೊಕಾರ್ಸಿನೋಮ ಇರುವ ಭಾರತೀಯರಲ್ಲಿ ಸುಮಾರು ನಾಲ್ಕರಲ್ಲೊಬ್ಬರ ಗಂಟಿನಲ್ಲಿ ಇ.ಜಿ.ಎಫ್.ಆರ್. ಎಂಬ ಜೀನಿನ ವ್ಯತ್ಯಾಸ ಸಿಗುತ್ತದೆ. ಅಂಥವರಿಗೆ ಜೆಫಿಟಿನಿಬ್ ಎಂಬ ಗುಳಿಗೆ ಉಪಯುಕ್ತ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಇಂಥ 350 ರೋಗಿಗಳನ್ನು ಅಭ್ಯಸಿಸಿ ವರದಿ ಮಾಡಿದಂತೆ, ಗುಳಿಗೆಯೊಂದನ್ನೇ ಕೊಟ್ಟಾಗ ರೋಗವು 8 ತಿಂಗಳು ಹತೋಟಿಯಲ್ಲಿದ್ದರೆ, ಕಿಮೊಥೆರಪಿಯನ್ನೂ ಕೂಡಿಸಿದಾಗ ಆ ಅವಧಿ 16 ತಿಂಗಳಾಯಿತು; ಆದರೆ ಔಷಧದ ಬಾಧೆಗಳೂ ಹೆಚ್ಚಿದವು. ದೇಹದ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಹೊಸ ಔಷಧಗಳಿಂದ, ಆಯ್ದ ಕೆಲವು ರೋಗಿಗಳಲ್ಲಿ ನೂರಕ್ಕೆ 30ಕ್ಕಿಂತ ತುಸು ಹೆಚ್ಚು ಜನ ಐದು ವರ್ಷ ಬದುಕಿದ್ದಾರೆ. ಆದರೆ ಅವುಗಳ ಬೆಲೆಯು ಸಾಮಾನ್ಯ ಕುಟುಂಬಕ್ಕೆ ನಿಲುಕದಂತಿದೆ.

ಗುಣಪಡಿಸಲಾಗದು ಎಂದ ಮಾತ್ರಕ್ಕೆ ಮಾಡುವುದೇನೂ ಉಳಿದಿಲ್ಲ ಎಂದರ್ಥವಲ್ಲ. ಎಲುಬಿನ ನೋವಿಗೆ ಒಂದೇ ದಿನ ಕೊಡುವ ವಿಕಿರಣವೂ ಅನೇಕರಿಗೆ ಉಪಶಮನ ನೀಡುತ್ತದೆ. ಎದೆಯ ನೀರನ್ನು ತೆಗೆದರೆ ಉಸಿರು ಹಗುರವಾಗುತ್ತದೆ. ತಜ್ಞರ ನಿಗಾದಲ್ಲಿ ಬಾಯಿಂದ ಕೊಡುವ ಮಾರ್ಫಿನ್ ತೀವ್ರ ನೋವಿಗೆ ಶ್ರೇಷ್ಠ ಔಷಧ. 2010ರಲ್ಲಿ ಅಮೆರಿಕದಿಂದ ಪ್ರಕಟವಾದ 151 ರೋಗಿಗಳ ಅಧ್ಯಯನದಲ್ಲಿ, ಮೊದಲಿನಿಂದಲೇ ಇಂಥ ಶಮನ ಆರೈಕೆ ಪಡೆದವರ ಮಧ್ಯಕ ಆಯುಷ್ಯ 11.6 ತಿಂಗಳಾದರೆ, ಉಳಿದವರದು 8.9 ತಿಂಗಳು. ಆರೈಕೆ ಪಡೆದವರ ಮನಸ್ಸಿನ ಕುಗ್ಗು ಸಹ ಕಡಿಮೆಯಾಗಿತ್ತು.

ಈ ಭಾಗದವರು ಚಿಕಿತ್ಸೆಗೆ ಎಲ್ಲಿ ಹೋಗಬೇಕು ಎಂಬುದು ಮುಂದಿನ ಪ್ರಶ್ನೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯು 1973ರಿಂದ ಸೇವೆ ಸಲ್ಲಿಸುತ್ತಿದ್ದು, ಕಲಬುರಗಿಯಲ್ಲಿಯೂ ಅದರ ಶಾಖಾ ಕೇಂದ್ರವಿದೆ. ವಾಡಿ ಜಂಕ್ಷನ್ನಿನಿಂದ ಒಂದು ಹಳಿ ಶಹಾಬಾದ್, ಸೋಲಾಪುರಗಳ ಮೂಲಕ ಮುಂಬಯಿಗೂ, ಮತ್ತೊಂದು ಚಿತ್ತಾಪುರ, ಸೇಡಂಗಳನ್ನು ಹಾದು ಹೈದರಾಬಾದಿಗೂ ಹೋಗುತ್ತದೆ. ಹೈದರಾಬಾದಿನಲ್ಲಿ ಮೆಹ್ದಿ ನವಾಜ್ ಜಂಗ್ ಸಂಸ್ಥೆ ಇದೆ. ಚಿಂಚೋಳಿಗೆ ರೈಲಿಲ್ಲ, ಆ ಜನರ ಅಲೆದಾಟ ಇನ್ನೂ ಅಧಿಕ. ಕ್ಯಾನ್ಸರ್ ರೋಗಿಗೂ ಜೊತೆಗಾರನಿಗೂ ರೈಲು ಪ್ರಯಾಣದಲ್ಲಿ ರಿಯಾಯತಿ ಇರುವುದು ಅನೇಕರಿಗೆ ಗೊತ್ತಿಲ್ಲ. ಬಡತನರೇಖೆಯ ಕೆಳಗಿನ ಕುಟುಂಬಗಳಿಗಾಗಿ 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆಯು ಮೊದಲು ಆರಂಭವಾದದ್ದು ಕಲಬುರಗಿ ವಿಭಾಗದಲ್ಲಿಯೇ. ಯೋಜನೆ ಇದ್ದ ಮತ್ತು ಇಲ್ಲದ ಅಕ್ಕಪಕ್ಕದ ಹಳ್ಳಿಗಳ ಬಡ ಕುಟುಂಬಗಳನ್ನು ಹೋಲಿಸಿದ ಸಮೀಕ್ಷೆಯೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಯೋಜನೆಗೆ ಒಳಪಟ್ಟ ರೋಗಗಳಿಂದಾದ ಸಾವು ಯೋಜನೆ ಇದ್ದ ಕಡೆ ನೂರಕ್ಕೆ 64ರಷ್ಟು ಕಡಿಮೆ ಎಂದು ಅದು ತೋರಿಸಿತು. 2018ರಿಂದ ಈ ನೆರವು ಆಯುಷ್ಮಾನ್ ಭಾರತ – ಆರೋಗ್ಯ ಕರ್ನಾಟಕ ಯೋಜನೆಯ ಮೂಲಕ ದೊರೆಯುತ್ತಿದೆ.

ಇಷ್ಟರಿಂದ ಸ್ಪಷ್ಟವಾಗುವುದೇನೆಂದರೆ, ಫಲವನ್ನು ಬದಲಿಸುವ ಶಕ್ತಿಯ ಬಹುಭಾಗವು ಆಸ್ಪತ್ರೆಗಿಂತ ಮೊದಲೇ, ಊರಿನಲ್ಲಿಯೇ ಇದೆ. ದೇಹಶಕ್ತಿಯ ಅಂಕ 0 ಅಥವಾ 1 ಇರುವಾಗ ಬಂದವನಿಗೆ ಎಲ್ಲ ದಾರಿಗಳೂ ತೆರೆದಿರುತ್ತವೆ. ಅಂಕ 3 ದಾಟಿ ಬಂದವನಿಗೆ ಹೆಚ್ಚಿನವು ಮುಚ್ಚಿರುತ್ತವೆ. ಈ ಎರಡರ ನಡುವೆ ಕಳೆಯುವ ತಿಂಗಳುಗಳನ್ನು ಉಳಿಸಬಲ್ಲವರು ಸುತ್ತಲಿನವರೇ. ತರಗತಿಯಲ್ಲಿ ಮಕ್ಕಳಿಗೆ ಬೀಡಿಯ ಕೆಡುಕನ್ನು ತಿಳಿಸುವ ಶಿಕ್ಷಕರು, ಕಾರ್ಖಾನೆ ಮತ್ತು ಗಣಿಗಳಲ್ಲಿ ಮೇಲ್ವಿಚಾರಕರಾಗಿ ನೀರು ಚಿಮುಕಿಸಿ ಧೂಳಡಗಿಸುವ, ಮುಖಕವಚ ಒದಗಿಸುವ ಹಳೆಯ ವಿದ್ಯಾರ್ಥಿಗಳು, ಬಡ ರೋಗಿಯ ಸ್ಕ್ಯಾನಿನ ಮತ್ತು ದೂರದೂರಿನ ವಸತಿಯ ವೆಚ್ಚ ವಹಿಸುವ ದಾನಿಗಳು, ಇವರೆಲ್ಲರೂ ಚಿಕಿತ್ಸೆಯಲ್ಲಿ ಪಾಲುದಾರರು. ಎರಡು ವಾರ ಮೀರಿದ ಕೆಮ್ಮನ್ನು ಯಾರೂ ಸಾಮಾನ್ಯವೆಂದು ಬಗೆಯಬಾರದು ಎಂಬ ಒಂದು ಮಾತು ಮನೆಮನೆಗೆ ಮುಟ್ಟಿದರೂ ಈ ಕಲ್ಲುನಾಡಿನ ಎಷ್ಟೋ ಕುಟುಂಬಗಳಿಗೆ ಅದು ಮಹದುಪಕಾರವಾದೀತು.