ಹಳೆಯ ಯಂತ್ರದ ಬೆಲೆ

ಮೋಟಾರು ಪಂದ್ಯಗಳಲ್ಲಿ ಹೆಂಗಸರ ಸಂಖ್ಯೆ ಏಕೆ ಇಷ್ಟು ವಿರಳ ಎಂಬ ಪ್ರಶ್ನೆ ಬಂದಾಗಲೆಲ್ಲ ಉತ್ತರ ಹೇಳುವವರು ಧೈರ್ಯದ ಮಾತನ್ನೋ ದೇಹಬಲದ ಮಾತನ್ನೋ ಎತ್ತುತ್ತಾರೆ. ಹಣದ ಮಾತನ್ನು ಎತ್ತುವವರು ಕಡಮೆ. ಓಟದ ಕಾರಾಗಲಿ ವಿಮಾನವಾಗಲಿ, ಮೊದಲು ಅದು ಕೈಗೆ ಸಿಕ್ಕಬೇಕು. ಧೈರ್ಯದ ಪರೀಕ್ಷೆ ಅನಂತರದ್ದು. ಕಳೆದ ಶತಮಾನದ ವೇಗದ ಚರಿತ್ರೆಯನ್ನು ಓದುತ್ತ ಹೋದರೆ ನನಗೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಸಿರಿವಂತರ ಮನೆಯಲ್ಲಿ ಹುಟ್ಟದ, ಕಾರ್ಖಾನೆಗಳ ಕೃಪೆಯೂ ಇಲ್ಲದ ಹೆಂಗಸು ಈ ಲೋಕವನ್ನು ಪ್ರವೇಶಿಸಿದ್ದು ಬಹುಮಟ್ಟಿಗೆ ಇನ್ನೊಬ್ಬರು ಬಳಸಿ ಬಿಟ್ಟ ಯಂತ್ರದ ಮೂಲಕ. ಆದುದರಿಂದ ಪಂದ್ಯಕ್ಕಿಳಿದ ಮಹಿಳೆಯರ ಕಥೆಯನ್ನೂ ಹಳೆಯ ವಿಮಾನ ಕೊಳ್ಳುವ ಲೆಕ್ಕಾಚಾರವನ್ನೂ ಒಟ್ಟಿಗೇ ನೋಡುವುದು ಉಚಿತ. ಸಾಹಿತ್ಯದ ಮೇಷ್ಟರಿಗೆ ಎಂಜಿನ್ನಿನ ಉಸಾಬರಿ ಏಕೆ ಎಂದು ಶ್ರೋತೃಗಳಲ್ಲಿ ಕೆಲವರು ಕೇಳಬಹುದು. ಬೆಲೆ ಎಂಬ ಮಾತಿನ ಅರ್ಥವನ್ನು ಹುಡುಕುವುದು ನಮ್ಮ ಕಸುಬಿಗೂ ಸೇರಿದ್ದೇ ಎನ್ನುವುದಷ್ಟೆ ನನ್ನ ಸಮಾಧಾನ.

ಕಾರೂ ವಿಮಾನವೂ ಒಂದೇ ಬಯಲಿನಲ್ಲಿ ಬೆಳೆದ ಸ್ಥಳವೊಂದಿತ್ತು. ಇಂಗ್ಲೆಂಡಿನ ಸರ್ರೆ ಪ್ರಾಂತದ ವೇಬ್ರಿಡ್ಜ್ ಊರಿನ ಬಳಿ ೧೯೦೭ರಲ್ಲಿ ತೆರೆದ ಬ್ರೂಕ್‌ಲ್ಯಾಂಡ್ಸ್, ಮೋಟಾರು ಪಂದ್ಯಕ್ಕೆಂದೇ ಕಟ್ಟಿದ ಕಾಂಕ್ರೀಟಿನ ಪಥ. ಒಂದು ಸುತ್ತಿಗೆ ಸುಮಾರು ನಾಲ್ಕೂವರೆ ಕಿಲೋಮೀಟರು. ತಿರುವುಗಳಲ್ಲಿ ನೆಲವೇ ಗೋಡೆಯಂತೆ ಮೇಲೆದ್ದು ನಿಲ್ಲುತ್ತಿತ್ತು. ಪಥದ ನಡುವಣ ಬಯಲಿನಲ್ಲಿ ವಿಮಾನಗಳು ಏಳುತ್ತಿದ್ದವು, ಇಳಿಯುತ್ತಿದ್ದವು. ೧೯೦೮ರಲ್ಲಿ ಇಲ್ಲಿ ಮಹಿಳೆಯರಿಗೆಂದೇ ಒಂದು ಸ್ಪರ್ಧೆ ನಡೆಯಿತು. ಮ್ಯೂರಿಯಲ್ ಥಾಂಪ್ಸನ್ ಎಂಬಾಕೆ ಗೆದ್ದರು. ಆದರೆ ಗಂಡಸರ ಜೊತೆಗೆ ಸರಿಸಮವಾಗಿ ಓಡುವ ಅವಕಾಶಕ್ಕೆ ಅವರು ಬಹುಕಾಲ ಕಾಯಬೇಕಾಯಿತು.

ಈ ಪಥದಲ್ಲಿ ಹೆಸರು ಮಾಡಿದವರಲ್ಲಿ ಕೇ ಪೀಟರ್ ಒಬ್ಬರು. ಐದು ಅಡಿಯನ್ನೂ ಮುಟ್ಟದ ಎತ್ತರ. ಅವರು ಓಡಿಸಿದ ಡಿಲಾಜ್ ಕಾರಾದರೋ ಹನ್ನೆರಡು ಸಿಲಿಂಡರುಗಳ, ಹತ್ತೂವರೆ ಲೀಟರಿನ ದೈತ್ಯ. ಕಾಲಿಗೆ ಎಟುಕಲೆಂದು ಪೆಡಲುಗಳಿಗೆ ಮರದ ತುಂಡುಗಳನ್ನು ಕಟ್ಟಬೇಕಾಯಿತಂತೆ. ಈ ಕಾರು ೧೯೨೩ರಲ್ಲಿ ಫ್ರಾನ್ಸಿನಲ್ಲಿ ತಯಾರಾದದ್ದು. ೧೯೨೪ರಲ್ಲಿ ರೆನೆ ತೋಮಾ ಅದರಲ್ಲಿ ಗಂಟೆಗೆ ೨೩೦ ಕಿಲೋಮೀಟರಿನಷ್ಟು ವೇಗ ಸಾಧಿಸಿ ಜಗತ್ತಿನ ದಾಖಲೆ ಬರೆದಿದ್ದರು. ಅಲ್ಲಿಂದ ಅದು ಜಾನ್ ಕಾಬ್ ಅವರ ಕೈಗೆ, ಅವರಿಂದ ಆಲಿವರ್ ಬರ್ಟ್ರಾಮ್ ಅವರ ಕೈಗೆ ದಾಟಿತು. ಬರ್ಟ್ರಾಮರಿಂದ ಎರವಲು ಪಡೆದ ಈ ಹಳೆಯ ಬಂಡಿಯಲ್ಲಿ ಕೇ ಪೀಟರ್ ೧೯೩೫ರಲ್ಲಿ ಗಂಟೆಗೆ ಸುಮಾರು ೨೧೭ ಕಿಲೋಮೀಟರು ವೇಗದ ಸುತ್ತು ಹಾಕಿದರು. ಅದೇ ಆಗಸ್ಟ್ ತಿಂಗಳಿನಲ್ಲಿ ಗ್ವೆಂಡಾ ಸ್ಟೂವರ್ಟ್ ಸುಮಾರು ೨೧೯ಕ್ಕೆ ಏರಿಸಿ ಆ ದಾಖಲೆಯನ್ನು ಕಸಿದುಕೊಂಡರು. ೧೯೩೯ರಲ್ಲಿ ಯುದ್ಧ ಬಂದು ಪಥ ಮುಚ್ಚಿತು. ಆ ಅಂಕೆ ಹಾಗೆಯೇ ಉಳಿಯಿತು.

ಇಲ್ಲಿ ಅರ್ಥಶಾಸ್ತ್ರದ ಮೊದಲನೆಯ ಪಾಠವಿದೆ. ಓಟದ ಕಾರು ಸವೆದುಹೋದದ್ದರಿಂದ ಅಗ್ಗವಾಗುವುದಿಲ್ಲ. ಅದಕ್ಕಿಂತ ವೇಗದ ಇನ್ನೊಂದು ಹುಟ್ಟಿತೆಂಬ ಕಾರಣಕ್ಕೆ ಅಗ್ಗವಾಗುತ್ತದೆ. ನಿನ್ನೆ ಗೆದ್ದ ಬಂಡಿ ಇಂದು ಮೂಲೆ ಸೇರುತ್ತದೆ, ಆದರೆ ಅದರ ಶಕ್ತಿ ಕುಂದಿರುವುದಿಲ್ಲ. ಸಿರಿವಂತನ ಕೈಯಿಂದ ಜಾರಿದ ಇಂಥ ಯಂತ್ರವೇ ಇತರರ ಪಾಲಿಗೆ ಅವಕಾಶ.

ವಿಮಾನದ ಲೆಕ್ಕ ಬೇರೆ. ಅದನ್ನು ತಿಳಿಯಲು ಮೊದಲನೆಯ ಮಹಾಯುದ್ಧದ ಕೊನೆಗೆ ಹೋಗಬೇಕು. ಯುದ್ಧ ನಿಂತಾಗ ಸರ್ಕಾರಗಳ ಬಳಿ ಬೇಡವಾದ ವಿಮಾನಗಳು ರಾಶಿ ಬಿದ್ದಿದ್ದವು. ೧೯೨೦ರಲ್ಲಿ ಬ್ರಿಟನ್ನಿನ ಏರ್‌ಕ್ರಾಫ್ಟ್ ಡಿಸ್ಪೋಸಲ್ ಕಂಪನಿ ಸುಮಾರು ಹತ್ತು ಸಾವಿರ ವಿಮಾನಗಳನ್ನೂ ಮೂವತ್ತು ಸಾವಿರ ಎಂಜಿನುಗಳನ್ನೂ ಹತ್ತು ಲಕ್ಷ ಪೌಂಡಿಗೆ ಸಗಟಾಗಿ ಕೊಂಡಿತು. ಆ ರಾಶಿಯಲ್ಲಿ ಎಂಟು ಸಿಲಿಂಡರಿನ ರೆನೋ ಎಂಜಿನುಗಳಿದ್ದವು. ಫ್ರಾಂಕ್ ಹಾಲ್‌ಫರ್ಡ್ ಎಂಬ ಎಂಜಿನಿಯರು ಆ ಎಂಜಿನ್ನಿನ ಒಂದು ಸಾಲಿನ ನಾಲ್ಕು ಸಿಲಿಂಡರುಗಳನ್ನು ತೆಗೆದುಕೊಂಡು ಸಿರಸ್ ಎಂಬ ಸಣ್ಣ ಎಂಜಿನ್ನನ್ನು ರೂಪಿಸಿದರು. ಅದನ್ನು ಹೊತ್ತು ೧೯೨೫ರಲ್ಲಿ ಹಾರಿದ್ದೇ ಡಿ ಹ್ಯಾವಿಲೆಂಡ್ ಕಂಪನಿಯ ಮಾತ್ ವಿಮಾನ. ಮಧ್ಯಮವರ್ಗದವರೂ ಆಸೆಪಡಬಹುದಾದ ಈ ವಿಮಾನದ ಹೃದಯವೇ ಹಳೆಯ ಸಾಮಾನಿನಿಂದ ಬಂದದ್ದು! ರೆನೋ ದಾಸ್ತಾನು ಮುಗಿಯುತ್ತ ಬಂದಾಗ ಕಂಪನಿ ಜಿಪ್ಸಿ ಎಂಬ ತನ್ನದೇ ಎಂಜಿನ್ನನ್ನು ತಯಾರಿಸಿತು. ವಿಮಾನವೂ ಜಿಪ್ಸಿ ಮಾತ್ ಎನಿಸಿಕೊಂಡಿತು.

ಹಳೆಯ ವಿಮಾನವನ್ನು ಕೊಳ್ಳುವವನು ಏನನ್ನು ನೋಡಬೇಕು? ನಮ್ಮ ದನಗಳ ಜಾತ್ರೆಯಲ್ಲಿ ಅನುಭವಿಯಾದ ರೈತ ಎತ್ತಿನ ಮೈಬಣ್ಣಕ್ಕೆ ಮರುಳಾಗುವುದಿಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ವಿಮಾನದ ಹಲ್ಲು ಅದರ ಲಾಗ್ ಪುಸ್ತಕ. ಎಷ್ಟು ಗಂಟೆ ಹಾರಿದೆ, ಯಾವ ಭಾಗವನ್ನು ಯಾವಾಗ ಬದಲಿಸಿದರು, ಎಂದಾದರೂ ಅಪ್ಪಳಿಸಿತ್ತೇ, ಎಲ್ಲವೂ ಅಲ್ಲಿ ಬರೆದಿರುತ್ತದೆ. ವಿಮಾನದ ವಯಸ್ಸನ್ನು ವರ್ಷಗಳಿಗಿಂತ ಹೆಚ್ಚಾಗಿ ಹಾರಾಟದ ಗಂಟೆಗಳಿಂದ ಎಣಿಸುತ್ತಾರೆ. ಇಂದಿನ ಸಣ್ಣ ವಿಮಾನಗಳ ಎಷ್ಟೋ ಎಂಜಿನುಗಳಿಗೆ ತಯಾರಕರು ಸುಮಾರು ೨,೦೦೦ ಗಂಟೆಗಳ ಗಡುವನ್ನು ಹೇಳುತ್ತಾರೆ. ಅಷ್ಟು ಹೊತ್ತಿಗೆ ಎಂಜಿನ್ನನ್ನು ಪೂರ್ತಿ ಬಿಚ್ಚಿ, ಸವೆದುದನ್ನು ಬದಲಿಸಿ, ಮತ್ತೆ ಜೋಡಿಸಬೇಕು. ಒಂದೇ ಮಾದರಿಯ, ಒಂದೇ ಬೆಲೆಯ ಎರಡು ವಿಮಾನಗಳಿವೆ ಎನ್ನೋಣ. ಒಂದರ ಎಂಜಿನ್ನು ೨೦೦ ಗಂಟೆ ಓಡಿದೆ, ಇನ್ನೊಂದರದು ೧,೯೦೦. ಎರಡನೆಯದನ್ನು ಕೊಂಡವನು ನೂರು ಗಂಟೆ ಹಾರುವಷ್ಟರಲ್ಲಿ ದುರಸ್ತಿಯ ದೊಡ್ಡ ಮೊತ್ತವನ್ನು ತೆರಬೇಕು. ಆ ಮೊತ್ತ ಮಾರುವವನು ಹೇಳಿದ ಬೆಲೆಯೊಳಗೆ ಕಾಣುವುದಿಲ್ಲ. ಹಾಗೆಂದು ಕಡಮೆ ಹಾರಿದ್ದೆಲ್ಲ ಒಳ್ಳೆಯದೂ ಅಲ್ಲ. ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ಒಳಗೊಳಗೇ ತುಕ್ಕು ಹಿಡಿದಿರಬಹುದು.

ಮುಂದಿನ ಲೆಕ್ಕ ಸಾಕುವುದರದು. ಆನೆಯನ್ನು ಕೊಳ್ಳುವ ಹಣ ಒಂದು ದಿನದ್ದು, ಮೇವಿನ ಹಣ ದಿನದಿನದ್ದು. ಹ್ಯಾಂಗರಿನ ಬಾಡಿಗೆ, ವಿಮೆ, ವರ್ಷಕ್ಕೊಮ್ಮೆಯ ತಪಾಸಣೆ, ಇವು ವಿಮಾನ ಹಾರಲಿ ಬಿಡಲಿ ಕೊಡಲೇಬೇಕಾದವು. ವರ್ಷಕ್ಕೆ ಇಂಥ ಖರ್ಚು ಹತ್ತು ಸಾವಿರವಾದರೆ, ಐವತ್ತು ಗಂಟೆ ಹಾರಿದವನಿಗೆ ಗಂಟೆಗೆ ಇನ್ನೂರು ಬೀಳುತ್ತದೆ. ಇನ್ನೂರು ಗಂಟೆ ಹಾರಿದವನಿಗೆ ಐವತ್ತೇ. ಇಂಧನದ ಖರ್ಚೂ ದುರಸ್ತಿಗೆಂದು ತೆಗೆದಿಡುವ ಹಣವೂ ಇದರ ಮೇಲೆ. ಅಂದಮೇಲೆ ಒಬ್ಬರೇ ಕೊಂಡು ಅಪರೂಪಕ್ಕೆ ಹಾರುವುದಕ್ಕಿಂತ ನಾಲ್ಕು ಜನ ಕೂಡಿ ಕೊಳ್ಳುವುದು, ಕ್ಲಬ್ಬಿನ ವಿಮಾನವನ್ನು ಬಾಡಿಗೆಗೆ ಪಡೆಯುವುದು ಲಾಭಕರ. ೧೯೨೦ರ ದಶಕದಲ್ಲಿ ಬ್ರಿಟನ್ನಿನ ಹಾರಾಟದ ಕ್ಲಬ್ಬುಗಳು ಸಾಮಾನ್ಯ ಸಂಬಳದವರಿಗೂ ಬಾಗಿಲು ತೆರೆದದ್ದರ ಗುಟ್ಟುಗಳಲ್ಲಿ ಇದೂ ಒಂದು.

ಆ ಬಾಗಿಲಿನಿಂದ ಬಂದವರು ಏಮಿ ಜಾನ್ಸನ್. ಹಲ್ ಪಟ್ಟಣದ ಮೀನು ವ್ಯಾಪಾರಿಯ ಮಗಳು. ಷೆಫೀಲ್ಡ್ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರ ಓದಿದವರು. ಲಂಡನ್ನಿನ ವಕೀಲರೊಬ್ಬರ ಕಚೇರಿಯಲ್ಲಿ ಕಾರ್ಯದರ್ಶಿನಿ. ೧೯೨೯ರಲ್ಲಿ ಪೈಲಟ್ ಲೈಸೆನ್ಸಿನ ಜೊತೆಗೆ ವಿಮಾನ ದುರಸ್ತಿಯ ಗ್ರೌಂಡ್ ಎಂಜಿನಿಯರ್ ಲೈಸೆನ್ಸನ್ನೂ ಪಡೆದರು. ಬ್ರಿಟನ್ನಿನಲ್ಲಿ ಹೆಂಗಸೊಬ್ಬರಿಗೆ ಅದು ದೊರೆತದ್ದು ಅದೇ ಮೊದಲು. ಆ ಮೇಲೆ ೧೯೨೮ರಲ್ಲಿ ತಯಾರಾದ ಜಿಪ್ಸಿ ಮಾತ್ ಒಂದನ್ನು ೬೦೦ ಪೌಂಡಿಗೆ ಕೊಂಡರು. ಅರ್ಧ ಹಣ ತಂದೆಯದು, ಅರ್ಧ ಎಣ್ಣೆ ವ್ಯಾಪಾರದ ಲಾರ್ಡ್ ವೇಕ್‌ಫೀಲ್ಡ್ ಅವರದು. ತಂದೆಯ ವ್ಯಾಪಾರದ ಮುದ್ರೆಯಾಗಿದ್ದ ಜೇಸನ್ ಎಂಬ ಹೆಸರನ್ನೇ ವಿಮಾನಕ್ಕೂ ಇಟ್ಟರು.

ಅದೇ ೧೯೩೦ರಲ್ಲಿ ಮಿಲ್ಡ್ರೆಡ್ ಬ್ರೂಸ್ ಎಂಬ ಮಹಿಳೆ ಲಂಡನ್ನಿನ ಅಂಗಡಿಯೊಂದರ ಕಿಟಕಿಯಲ್ಲಿ ಕಂಡ ಹೊಸ ಬ್ಲ್ಯಾಕ್‌ಬರ್ನ್ ಬ್ಲೂಬರ್ಡ್ ವಿಮಾನವನ್ನು ೫೫೦ ಪೌಂಡಿಗೆ ಕೊಂಡಿದ್ದರು. ಈಕೆ ಮೊದಲೇ ಮೋಟಾರು ಓಟದಲ್ಲಿ ಹೆಸರಾದವರು. ೧೯೨೯ರಲ್ಲಿ ಪ್ಯಾರಿಸ್ ಬಳಿಯ ಮಾಂಟ್ಲೇರಿ ಪಥದಲ್ಲಿ ಬೆಂಟ್ಲಿ ಕಾರನ್ನು ಒಬ್ಬರೇ ಇಪ್ಪತ್ತನಾಲ್ಕು ಗಂಟೆ, ಗಂಟೆಗೆ ಸರಾಸರಿ ೧೪೪ ಕಿಲೋಮೀಟರು ವೇಗದಲ್ಲಿ ಓಡಿಸಿದ್ದರು. ಬ್ಲೂಬರ್ಡಿನಲ್ಲಿ, ಸಾಗರಗಳನ್ನು ಹಡಗಿನಲ್ಲಿ ದಾಟಿ, ಭೂಮಿಯನ್ನೇ ಸುತ್ತಿ ಬಂದರು. ಹೊಸದಕ್ಕೆ ೫೫೦, ಹಳೆಯದಕ್ಕೆ ೬೦೦! ವಿಚಿತ್ರವೆನಿಸಬಹುದು. ಆದರೆ ಜೇಸನ್ನಿನಲ್ಲಿ ದೂರಯಾನಕ್ಕೆ ಬೇಕಾದ ಹೆಚ್ಚುವರಿ ಇಂಧನ ಟ್ಯಾಂಕುಗಳು ಮೊದಲೇ ಇದ್ದವು. ಕೊಳ್ಳುವವರ ಉದ್ದೇಶಕ್ಕೆ ಒದಗುವುದೇ ಬೆಲೆ. ಹೊಸತು ಹಳತು ಎಂಬುದು ಅನಂತರದ ಮಾತು.

ಏಮಿ ಜಾನ್ಸನ್ ೧೯೩೦ರ ಮೇ ೫ರಂದು ಕ್ರಾಯ್ಡನ್ನಿನಿಂದ ಹೊರಟು, ಆರು ದಿನಗಳಲ್ಲಿ ಕರಾಚಿಯನ್ನು ಸೇರಿ, ಝಾನ್ಸಿ, ಅಲಹಾಬಾದ್, ಕಲ್ಕತ್ತೆಗಳನ್ನು ದಾಟಿ ರಂಗೂನಿನ ಬಳಿ ಇಳಿಯುವಾಗ ವಿಮಾನ ಹಳ್ಳಕ್ಕೆ ಬಿತ್ತು. ರೆಕ್ಕೆ ಹರಿಯಿತು, ಪ್ರೊಪೆಲ್ಲರು ಮುರಿಯಿತು. ಆದರೆ ಆಕೆ ಹೊರಡುವಾಗಲೇ ಇನ್ನೊಂದು ಪ್ರೊಪೆಲ್ಲರನ್ನು ವಿಮಾನದ ಪಕ್ಕಕ್ಕೆ ಕಟ್ಟಿಕೊಂಡಿದ್ದರು. ಸ್ಥಳೀಯರ ನೆರವಿನಿಂದ ದುರಸ್ತಿಯಾಯಿತು. ಮೇ ೨೪ರಂದು ಆಸ್ಟ್ರೇಲಿಯದ ಡಾರ್ವಿನ್ನಿನಲ್ಲಿ ಇಳಿದರು. ಒಂಟಿಯಾಗಿ ಆ ದಾರಿಯನ್ನು ಹಾರಿದ ಮೊದಲ ಮಹಿಳೆ ಅವರು. ಜೇಸನ್ ಇಂದು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ.

ಈ ಯಶಸ್ಸಿನ ಪಕ್ಕದಲ್ಲಿ ಇನ್ನೊಂದು ಜೀವನವನ್ನು ಇಡದೆ ಲೆಕ್ಕ ಪೂರ್ತಿಯಾಗದು. ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ ೧೮೯೨ರಲ್ಲಿ ಹುಟ್ಟಿದ ಬೆಸ್ಸಿ ಕೋಲ್ಮನ್ ಕಪ್ಪು ಜನಾಂಗದ ಬಡ ಹೆಣ್ಣು; ಷಿಕಾಗೋದಲ್ಲಿ ಉಗುರು ತಿದ್ದುವ ಕೆಲಸ ಮಾಡಿ ಬದುಕಿದವರು. ಸ್ವದೇಶದ ಯಾವ ಶಾಲೆಯೂ ಹಾರಾಟ ಕಲಿಸಲು ಒಪ್ಪಲಿಲ್ಲ. ಫ್ರೆಂಚ್ ಕಲಿತು, ಫ್ರಾನ್ಸಿಗೆ ಹೋಗಿ, ೧೯೨೧ರಲ್ಲಿ ಲೈಸೆನ್ಸ್ ಪಡೆದರು. ತಮ್ಮ ಜನಕ್ಕೆ ಹಾರಾಟ ಕಲಿಸುವ ಶಾಲೆ ತೆರೆಯಬೇಕೆಂಬುದು ಅವರ ಬಯಕೆ. ಹಣ ಕೂಡಿಸಲು ಪ್ರದರ್ಶನಗಳಲ್ಲಿ ಹಾರುತ್ತಿದ್ದರು. ಅವರಿಗೆ ಎಟುಕಿದ್ದು ಯುದ್ಧ ಮುಗಿದ ಮೇಲೆ ಉಳಿದ ಕರ್ಟಿಸ್ ಜೆನ್ನಿ ವಿಮಾನಗಳು. ಸರ್ಕಾರಕ್ಕೆ ಐದು ಸಾವಿರ ಡಾಲರಿನಷ್ಟು ತಗುಲಿದ್ದ ಜೆನ್ನಿ ಆಗ ಕೆಲವು ನೂರು ಡಾಲರಿಗೇ ಸಿಕ್ಕುತ್ತಿತ್ತು. ೧೯೨೩ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯದಲ್ಲಿ ಅವರ ಮೊದಲ ಜೆನ್ನಿಯ ಎಂಜಿನ್ನು ಹಾರುತ್ತಿದ್ದಂತೆಯೇ ನಿಂತಿತು. ಕಾಲು ಮುರಿಯಿತು, ಪಕ್ಕೆಲುಬುಗಳು ಮುರಿದವು. ೧೯೨೬ರಲ್ಲಿ ಇನ್ನೊಂದನ್ನು ಕೊಂಡರು. ಡಲ್ಲಾಸಿನಿಂದ ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ಗೆ ಅದನ್ನು ತರುವ ದಾರಿಯಲ್ಲೇ ಮೆಕ್ಯಾನಿಕ್ ವಿಲಿಯಂ ವಿಲ್ಸ್ ಮೂರು ಬಾರಿ ತುರ್ತಾಗಿ ಇಳಿಸಬೇಕಾಯಿತು. ಏಪ್ರಿಲ್ ೩೦ರಂದು ವಿಲ್ಸ್ ಹಾರಿಸುತ್ತಿದ್ದ ಆ ವಿಮಾನದಿಂದ ಬೆಸ್ಸಿ ನೆಲಕ್ಕೆ ಬಿದ್ದು ಸತ್ತರು. ವಿಲ್ಸ್ ಕೂಡ ಉಳಿಯಲಿಲ್ಲ. ಎಲ್ಲೋ ಮರೆತುಬಿಟ್ಟಿದ್ದ ಸ್ಪ್ಯಾನರೊಂದು ನಿಯಂತ್ರಣದ ಭಾಗಗಳ ನಡುವೆ ಸಿಕ್ಕಿಕೊಂಡಿತ್ತು. ಅವರಿಗೆ ಆಗ ಮೂವತ್ತನಾಲ್ಕು ವರ್ಷ.

ಜೇಸನ್ನೂ ಹಳೆಯದೇ, ಜೆನ್ನಿಯೂ ಹಳೆಯದೇ. ಒಬ್ಬಾಕೆ ಬಲ್ಲವಳು, ಇನ್ನೊಬ್ಬಾಕೆ ಅಜಾಗರೂಕಳು ಎಂದು ತೀರ್ಪು ಕೊಡುವುದು ಅನ್ಯಾಯವಾದೀತು. ಏಮಿಗೆ ಕ್ಲಬ್ಬಿನ ಕಾರ್ಯಾಗಾರವಿತ್ತು, ದುರಸ್ತಿ ಕಲಿಯುವ ಅವಕಾಶವಿತ್ತು, ಅರ್ಧ ಹಣ ಕೊಡುವ ದಾತರಿದ್ದರು. ಬೆಸ್ಸಿಗೆ ಇದ್ದದ್ದು ಅಗ್ಗದ ಬೆಲೆಯೊಂದೇ. ಯಂತ್ರವನ್ನು ಬಿಚ್ಚಿ ನೋಡುವ ಕೈಯೂ, ಹೊತ್ತೂ, ಹಣವೂ ಇಲ್ಲದಿದ್ದಾಗ ಲಾಗ್ ಪುಸ್ತಕದಲ್ಲಿ ಕಾಣದ ಬಾಕಿಯನ್ನು ಹಾರುವವರು ಮೈಯಿಂದ ತೀರಿಸಬೇಕಾಗುತ್ತದೆ.

ಅರ್ಧ ಶತಮಾನದ ಮೇಲೆ ಅಮೆರಿಕದಲ್ಲೇ ಜ್ಯಾನೆಟ್ ಗತ್ರಿ ಈ ಲೆಕ್ಕವನ್ನು ಮತ್ತೊಮ್ಮೆ ಬಿಡಿಸಿದರು. ವಿಮಾನ ಚಾಲಕನ ಮಗಳು, ತಾವೂ ಪೈಲಟ್. ಭೌತಶಾಸ್ತ್ರ ಓದಿ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದವರು. ಬಳಸಿದ ಜಾಗ್ವಾರ್ ಕಾರನ್ನು ಕೊಂಡು ಪಂದ್ಯಕ್ಕಿಳಿದರು, ಎಂಜಿನ್ನನ್ನು ತಾವೇ ಬಿಚ್ಚಿ ಜೋಡಿಸಿದರು. ೧೯೭೭ರಲ್ಲಿ ಇಂಡಿಯಾನಾಪೊಲಿಸ್ ಐನೂರು ಮೈಲಿ ಪಂದ್ಯದಲ್ಲಿ ಓಡಿದ ಮೊದಲ ಮಹಿಳೆಯಾದರು. ಆ ಸಲ ಕಾರು ಕೈಕೊಟ್ಟಿತು. ಮರುವರ್ಷ ತಮ್ಮದೇ ತಂಡ ಕಟ್ಟಿ, ಜಾರ್ಜ್ ಬಿಗ್ನಾಟಿ ಅವರಿಂದ ವೈಲ್ಡ್‌ಕ್ಯಾಟ್ ಕಾರನ್ನು ಕೊಂಡು, ಟೆಕ್ಸಕೋ ಕಂಪನಿ ಕೊಟ್ಟ ಸುಮಾರು ೧,೨೦,೦೦೦ ಡಾಲರಿನಲ್ಲಿ, ಮುರಿದ ಮಣಿಕಟ್ಟಿನೊಡನೆ ಓಡಿ ಒಂಬತ್ತನೆಯವರಾದರು. ಇಷ್ಟಾದರೂ ಮುಂದೆ ಹಣ ಕೊಡುವವರು ಸಿಕ್ಕದೆ ಅವರ ಪಂದ್ಯಜೀವನ ಬೇಗನೆ ಮುಗಿಯಿತು.

ಫಾರ್ಮುಲಾ ಒಂದರ ಪಂದ್ಯಗಳಲ್ಲಿ ಅಂಕ ಪಡೆದ ಮಹಿಳೆ ಇದುವರೆಗೆ ಒಬ್ಬರೇ: ಇಟಲಿಯ ಲೆಲ್ಲಾ ಲೊಂಬಾರ್ಡಿ, ೧೯೭೫ರಲ್ಲಿ ಸ್ಪೇನಿನಲ್ಲಿ, ಅದೂ ಅರ್ಧ ಅಂಕ. ಓಟಗಾರ್ತಿಯರಿಂದ ಹಣ ಪಡೆಯದೆ ಕಾರು ಕೊಡುತ್ತಿದ್ದ ಡಬ್ಲ್ಯು ಸೀರೀಸ್ ಎಂಬ ಸ್ಪರ್ಧಾಮಾಲೆ ೨೦೧೯ರಲ್ಲಿ ಆರಂಭವಾಗಿ ೨೦೨೨ರಲ್ಲಿ ನಿಂತಿತು. ಓಟಗಾರ್ತಿಯರು ಇದ್ದರು, ಹಣ ಸಾಲಲಿಲ್ಲ.

ಹಳೆಯ ಯಂತ್ರದ ಮಾರುಕಟ್ಟೆ ಈ ಹೆಂಗಸರಿಗೆ ಬಾಗಿಲನ್ನು ತೆರೆಯಿತು ಎಂಬುದು ನಿಜ. ಆದರೆ ಒಳಗೆ ಹೋದವರು ಉಳಿದದ್ದು ಯಂತ್ರವನ್ನು ಅರಿಯುವ ಶಿಕ್ಷಣವೂ ಅದನ್ನು ಸಾಕುವ ಹಣವೂ ಜೊತೆಗೆ ದೊರೆತಾಗ ಮಾತ್ರ. ನಮ್ಮ ಹೆಣ್ಣುಮಕ್ಕಳು ಯಾವ ಯಂತ್ರದ ಮುಂದೆ ನಿಂತರೂ, ಅವರಿಗೆ ಅದನ್ನು ನಡೆಸಲು ಕಲಿಸುವ ಮೊದಲೇ ಬಿಚ್ಚಿ ಜೋಡಿಸಲು ಕಲಿಸುವುದು ಒಳಿತು. ಉಳಿದ ಖರ್ಚನ್ನು ಹೊರುವವರು ಯಾರು ಎಂಬುದನ್ನು ಸಮಾಜ ತೀರ್ಮಾನಿಸಬೇಕು.